2.33 ಶಾಸಕರು

ಮಡಿಕೇರಿಯಲ್ಲಿ ಎಲ್ಲಿ ಕಾಫಿಗೆ ಕೂತರೂ ಚುನಾವಣೆ ಮಾತು ಬಂದರೆ ಒಂದು ದೂರು ಕಿವಿಗೆ ಬಿದ್ದೇ ಬೀಳುತ್ತದೆ: 'ನಮ್ಮ ಸೋಮವಾರಪೇಟೆ ಸೀಟನ್ನು ರಾಜಕೀಯ ಮಾಡಿ ಕಿತ್ಕೊಂಡ್ರು.' 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಕೊಡಗಿನ ಮೂರು ವಿಧಾನಸಭಾ ಸೀಟು ಎರಡಾಗಿ, ಸೋಮವಾರಪೇಟೆ ಹೋಯಿತಲ್ಲ, ಆ ಸಿಟ್ಟು. ಕೇಳಿ ಕೇಳಿ ಸಾಕಾಗಿದೆ. ಆ ಸೀಟನ್ನು ತಿಂದದ್ದು ಭಾಗಾಕಾರ.

2001ರ ಜನಗಣತಿಯಲ್ಲಿ ಕರ್ನಾಟಕದ ಜನ 5,28,50,562. ವಿಧಾನಸಭೆಯ ಸೀಟು 224. ಒಂದು ಸೀಟಿಗೆ ಸುಮಾರು 2,35,940 ಜನ ಬಂದರು. ಕೊಡಗಿನಲ್ಲಿ ಇದ್ದದ್ದು 5,48,561. ಅಂದರೆ ನಮ್ಮ ಪಾಲು 2.33 ಶಾಸಕರು.

ಈ .33 ಇದೆಯಲ್ಲ, ಮಜಾ ಇರೋದೇ ಅಲ್ಲಿ. ಕಡಂಬುಟ್ಟು, ಅಂದರೆ ನಮ್ಮ ಅಕ್ಕಿ ಉಂಡೆ, ಕಟ್ಟುವಾಗ ಕೊನೆಗೆ ಪಾತ್ರೆಯಲ್ಲಿ ಒಂಚೂರು ಹಿಟ್ಟು ಉಳಿಯುತ್ತದೆ. ಅರ್ಧ ಉಂಡೆಗಿಂತ ಜಾಸ್ತಿ ಇದ್ದರೆ ಇನ್ನೊಂದು ಕಟ್ಟುತ್ತೇವೆ. ಕಮ್ಮಿ ಇದ್ದರೆ ಇರೋ ಉಂಡೆಗಳಿಗೇ ಮೆತ್ತಿಬಿಡುತ್ತೇವೆ. ಉಂಡೆ ಎರಡೇ, ಆದರೆ ದಪ್ಪ. ಮಡಿಕೇರಿ, ವಿರಾಜಪೇಟೆ ಆದದ್ದು ಹಾಗೆ: ಸರಾಸರಿ ತಲಾ 2.74 ಲಕ್ಷ ಜನ. ಇನ್ನೊಂದು 41 ಸಾವಿರ ಜನ ಇದ್ದಿದ್ದರೆ ಪಾಲು 2.5 ಮುಟ್ಟುತ್ತಿತ್ತು.

ಹಾಗಾದರೆ ಮೊದಲು ಮೂರು ಹೇಗಿತ್ತು? 1971ರಲ್ಲಿ ಕೊಡಗಿನ ಜನ 3,78,291. ರಾಜ್ಯದ 2,92,99,014 ಜನರನ್ನು 224ಕ್ಕೆ ಹಂಚಿದರೆ ನಮಗೆ ಬರುವುದು 2.89. ಆರಾಮಾಗಿ ಮೂರು. ಮುಂದಿನ ಮೂವತ್ತು ವರ್ಷದಲ್ಲಿ ನಾವು 45 ಶೇಕಡಾ ಬೆಳೆದೆವು, ರಾಜ್ಯ 80 ಶೇಕಡಾ ಬೆಳೆಯಿತು. ಕಾಳುಮೆಣಸಿನ ಬಳ್ಳಿ ಏರುತ್ತಲೇ ಇತ್ತು, ಪಕ್ಕದ ಸಿಲ್ವರ್ ಓಕ್ ಅದಕ್ಕಿಂತ ಜೋರಾಗಿ ಏರಿತು, ಅಷ್ಟೇ. ತುರ್ತು ಪರಿಸ್ಥಿತಿಯ ಕಾಲದ ಸಂವಿಧಾನದ 42ನೇ ತಿದ್ದುಪಡಿ ಕ್ಷೇತ್ರದ ಗೆರೆಗಳನ್ನು ಹಾಗೇ ನಿಲ್ಲಿಸಿದ್ದರಿಂದ ಈ ವ್ಯತ್ಯಾಸ ಕಾಣಲಿಲ್ಲ. ಹಾರಂಗಿ ಅಣೆಕಟ್ಟಿನಲ್ಲಿ ನೀರು ತುಂಬಿದ ಹಾಗೆ ಅದು ತುಂಬುತ್ತಲೇ ಇತ್ತು, 2008ರಲ್ಲಿ ಒಂದೇ ಸಲ ಗೇಟು ತೆಗೆದರು. ನೀರು ಹರಿದದ್ದು ಬೆಂಗಳೂರಿಗೆ. ನಗರ ಜಿಲ್ಲೆಗೆ ಈಗ 28 ಶಾಸಕರು, ವಿಸ್ತೀರ್ಣ ನಮ್ಮ ಅರ್ಧದಷ್ಟು. ಆದರೆ ಭಾಗಾಕಾರಕ್ಕೆ ಕಾಡು, ಬೆಟ್ಟ, ಆನೆ ಯಾವುದೂ ಕಾಣುವುದಿಲ್ಲ.

ಒಂದು ಕಾಲದಲ್ಲಿ ನಮ್ಮದೇ ವಿಧಾನಸಭೆ ಇತ್ತು ಅನ್ನೋದು ಎಷ್ಟು ಮಕ್ಕಳಿಗೆ ಗೊತ್ತು? 1952ರ ಕೂರ್ಗ್ ರಾಜ್ಯದಲ್ಲಿ 24 ಶಾಸಕರು, ಒಬ್ಬರಿಗೆ ಹತ್ತು ಸಾವಿರ ಜನವೂ ಇಲ್ಲ! ಕಾಂಗ್ರೆಸ್ 15 ಗೆದ್ದು ಸಿ. ಎಂ. ಪೂಣಚ್ಚ ಮುಖ್ಯಮಂತ್ರಿಯಾದರು. ಮೈಸೂರಿನ ಜೊತೆ ವಿಲೀನ ಬೇಡ ಎಂದ 'ತಕ್ಕಡಿ' ಬಣ ಸೋತಿತು. 1956ರಲ್ಲಿ ವಿಲೀನವೂ ಆಯಿತು.

ನಿಜವಾಗಿ ದೂರಬೇಕಾದ್ದು ಬೇರೊಂದಿದೆ, ಅದನ್ನು ಯಾರೂ ಎತ್ತುವುದಿಲ್ಲ. ಮೊದಲು ವಿರಾಜಪೇಟೆ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿತ್ತು. 2008ರಲ್ಲಿ ರಾಜ್ಯದ ಪಂಗಡದ ಸೀಟು 2ರಿಂದ 15ಕ್ಕೆ ಏರಿತು, ವಿರಾಜಪೇಟೆ ಮಾತ್ರ ಸಾಮಾನ್ಯ ಕ್ಷೇತ್ರವಾಯಿತು. ನಾಯಕ ಸಮುದಾಯದ ಇನ್ನಷ್ಟು ಹೆಸರುಗಳು 1991ರಲ್ಲಿ ಪಂಗಡದ ಪಟ್ಟಿಗೆ ಸೇರಿದ್ದವು. ಪಂಗಡದ ಪ್ರಮಾಣ ಎಲ್ಲಿ ಜಾಸ್ತಿಯೋ ಸೀಟು ಅಲ್ಲಿಗೆ, ಅಂದರೆ ಬಳ್ಳಾರಿ, ರಾಯಚೂರಿನ ಕಡೆಗೆ. ಎರವರು, ಜೇನು ಕುರುಬರು ಇರುವ ಕೊಡಗಿನಲ್ಲಿ ಆ ಪ್ರಮಾಣ 2001ರಲ್ಲಿ ಎಂಟು ಶೇಕಡಾ ಚಿಲ್ಲರೆ. ಇದೂ ಲೆಕ್ಕವೇ. ಆದರೆ ಈ ಲೆಕ್ಕ ನನಗೆ ನುಂಗಲು ಕಷ್ಟ.

ಗೆರೆ ಎಳೆದದ್ದೇ ಬಿಜೆಪಿಗೆ ಅನುಕೂಲ ಆಗಲಿ ಅಂತ, ಅನ್ನುವವರೂ ಇದ್ದಾರೆ. 2008ರಲ್ಲಿ ಎರಡೂ ಸೀಟು ಬಿಜೆಪಿಗೆ ಹೋದದ್ದು ಹೌದು. 2023ರಲ್ಲಿ ಅದೇ ಗೆರೆಯೊಳಗೆ ಎರಡೂ ಕಾಂಗ್ರೆಸ್ಸಿಗೆ ಬಂದವಲ್ವಾ?

2011ರ ಲೆಕ್ಕದಲ್ಲಿ ನಮ್ಮ ಪಾಲು ಇನ್ನೂ ಇಳಿದು 2.03 ಆಗಿದೆ. ಮುಂದಿನ ತಲೆ ಎಣಿಕೆ 2027ರ ಫೆಬ್ರವರಿಯಲ್ಲಿ. ಆಗಿನ್ನೂ ರೋಬಸ್ಟಾ ಕೊಯ್ಲು ಪೂರ್ತಿ ಮುಗಿದಿರುವುದಿಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮ ಮಕ್ಕಳು ಅಲ್ಲಿಯ ಲೆಕ್ಕಕ್ಕೆ ಸೇರುತ್ತಾರೆ. ಕೊಯ್ಲಿಗೆಂದು ದೂರದಿಂದ ಬಂದು ತೋಟದ ಕಾರ್ಮಿಕರ ಲೈನ್ ಮನೆಯಲ್ಲೇ ಉಳಿದವರು ನಮ್ಮ ಲೆಕ್ಕಕ್ಕೆ.