ಎಲ್ಲಾ ಆನ್‌ಲೈನ್ ಆದ ಮೇಲೂ ಹೈಸ್ಕೂಲಿನ ಹಳೆ ರಿಜಿಸ್ಟರ್ ಯಾಕೆ ಬೇಕು?

ಪ್ರಶ್ನೆ: ನಾನು ಜಮಖಂಡಿ ತಾಲ್ಲೂಕಿನವನು, ನಮ್ಮೂರ ಸರ್ಕಾರಿ ಹೈಸ್ಕೂಲಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ಆಫೀಸ್ ಕೋಣೆಯ ಕಪಾಟುಗಳ ತುಂಬ ಹಳೆ ರಿಜಿಸ್ಟರ್‌ಗಳೇ ಇವೆ. ಮಕ್ಕಳ ವಿವರ ಈಗ ಶಿಕ್ಷಣ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಸ್ಯಾಟ್ಸ್‌ನಲ್ಲಿ ಇದೆ ಅಲ್ವಾ? ಇವನ್ನು ರದ್ದಿಗೆ ಹಾಕಿದರೆ ಏನು ತಪ್ಪು ಸರ್?

ಉತ್ತರ: ದಯವಿಟ್ಟು ಹಾಕಬೇಡಿ. ಕೆಲವು ವಹಿಗಳನ್ನು ಅವುಗಳ ಅವಧಿ ಮುಗಿದ ಮೇಲೆ ಇಲಾಖೆಯ ಅನುಮತಿ ಪಡೆದು ವಿಲೇವಾರಿ ಮಾಡಬಹುದು. ದಾಖಲಾತಿ ರಿಜಿಸ್ಟರ್ ಹಾಗಲ್ಲ. ಅದು ಶಾಲೆ ಇರುವಷ್ಟು ಕಾಲ ಇರಬೇಕು.

ಸ್ಯಾಟ್ಸ್ ಬರುವ ಮೊದಲೇ ಶಾಲೆ ಬಿಟ್ಟವರು ಅದರಲ್ಲಿ ಇಲ್ಲ. ಎಸ್ಸೆಸ್ಸೆಲ್ಸಿ ಪಾಸಾದವರ ಅಂಕಪಟ್ಟಿ ಕಳೆದರೆ ಪರೀಕ್ಷಾ ಮಂಡಳಿಯಿಂದ ಇನ್ನೊಂದು ಪ್ರತಿ ತರಿಸಬಹುದು. ಒಂಬತ್ತಕ್ಕೇ ಶಾಲೆ ಬಿಟ್ಟು ಕಬ್ಬು ಕಡಿಯಲು ಹೋದವನು ಏನು ಮಾಡಬೇಕು? ಅವನು ಹೈಸ್ಕೂಲು ಓದಿದ್ದಾನೆ ಅನ್ನುವುದಕ್ಕೆ ನಿಮ್ಮ ಕಪಾಟಿನ ಆ ಒಂದು ಸಾಲೇ ಸಾಕ್ಷಿ.

ಆ ಸಾಲನ್ನು ಒಮ್ಮೆ ತೆರೆದು ನೋಡಿ. ದಾಖಲಾತಿ ಸಂಖ್ಯೆ, ತಂದೆ-ತಾಯಿ ಹೆಸರು, ಜಾತಿ, ಹುಟ್ಟಿದ ದಿನ ಅಂಕಿಯಲ್ಲೂ ಅಕ್ಷರದಲ್ಲೂ, ಹಿಂದೆ ಓದಿದ ಶಾಲೆ, ಬಿಟ್ಟ ದಿನ, ಟಿಸಿ ನಂಬರ್. ಹಳೆ ಪುಟಗಳಲ್ಲಿ ಜೂನ್ 1ಕ್ಕೆ ಹುಟ್ಟಿದವರು ಜಾಸ್ತಿ ಸಿಗುತ್ತಾರೆ. ಮನೆಯವರಿಗೆ ತಾರೀಖು ನೆನಪಿರಲಿಲ್ಲ, ಶಾಲೆಗೆ ಸೇರಿಸಲು ವಯಸ್ಸು ಕೂಡಬೇಕಿತ್ತು, ಗುರುಗಳು ಬರೆದುಕೊಂಡರು. ಅದೇ ತಾರೀಖು ಅಂಕಪಟ್ಟಿಗೆ ಹೋಯಿತು, ಅಲ್ಲಿಂದ ಸೇವಾ ಪುಸ್ತಕಕ್ಕೆ, ಕೊನೆಗೆ ನಿವೃತ್ತಿಯ ಆದೇಶಕ್ಕೆ. ಹಾಗಾಗಿ ಇದರಲ್ಲಿ ಸುಮ್ನೆ ವೈಟ್ನರ್ ಹಚ್ಚಿ ತಿದ್ದುವಂತಿಲ್ಲ. ಹಳೆಯದು ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ತಿದ್ದಲು ಅನುಮತಿಸಿದ ಆದೇಶದ ಸಂಖ್ಯೆ, ದಿನಾಂಕ ಬರೆದು ಹೆಡ್‌ಮಾಸ್ತರರು ಸಹಿ ಮಾಡಬೇಕು.

ಈಗ ಓದುತ್ತಿರುವ ಮಕ್ಕಳಿಗೂ ಇದು ಬೇಕು. ಸಿಇಟಿ ಮೂಲಕ ಎಂಜಿನಿಯರಿಂಗ್ ಸೀಟು ಹಂಚುವಾಗ ಗ್ರಾಮೀಣ ಕೋಟಾ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5. ಎರಡಕ್ಕೂ 1ರಿಂದ 10ನೇ ತರಗತಿವರೆಗೆ ಎಲ್ಲಿ, ಯಾವ ಮಾಧ್ಯಮದಲ್ಲಿ ಓದಿದರು ಎಂಬ ಪ್ರಮಾಣಪತ್ರ ಬೇಕು. ಹೆಡ್‌ಮಾಸ್ತರರು ರಿಜಿಸ್ಟರ್ ನೋಡಿ ಬರೆಯುತ್ತಾರೆ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಹಾಕುತ್ತಾರೆ. ನಡುವೆ ಒಂದು ವರ್ಷದ ದಾಖಲೆ ಸಿಗದಿದ್ದರೂ ಸೀಟು ಕೈ ತಪ್ಪಬಹುದು.

ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸುವುದು ಬೇರೆ. ಒಂಬತ್ತನೇ ತರಗತಿ ಹುಡುಗಿಗೆ ಮದುವೆ ಗೊತ್ತಾಗಿದೆ, ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರು ಅಂದುಕೊಳ್ಳಿ. ಮನೆಯವರು ‘ಅಕೀಗೆ ಹದಿನೆಂಟು ತುಂಬ್ಯಾವ್ರೀ’ ಅನ್ನುತ್ತಾರೆ. ಆಗ ಏನನ್ನು ನಂಬಬೇಕು? 2015ರ ಬಾಲನ್ಯಾಯ ಕಾಯ್ದೆಯ ಕಲಂ 94 ವಯಸ್ಸು ತೀರ್ಮಾನಿಸಲು ಒಂದು ಕ್ರಮ ಹಾಕಿಕೊಟ್ಟಿದೆ. ಮೊದಲು ಶಾಲೆಯ ಜನ್ಮದಿನಾಂಕದ ಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅವು ಇಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪತ್ರ. ಅದೂ ಇಲ್ಲದಾಗ ಮಾತ್ರ ವೈದ್ಯಕೀಯ ಪರೀಕ್ಷೆ. ಎಲುಬಿನ ಎಕ್ಸ್‌ರೇಯಿಂದ ವಯಸ್ಸು ಅಂದಾಜಷ್ಟೇ ಸಿಗುತ್ತದೆ, ಒಂದೆರಡು ವರ್ಷ ಹೆಚ್ಚು-ಕಡಿಮೆ ಆಗುತ್ತದೆ. ಹದಿನಾರರ ಹುಡುಗಿಗೆ ಆ ಎರಡು ವರ್ಷ ಎಷ್ಟು ದೊಡ್ಡದು ಯೋಚಿಸಿ. ರಿಜಿಸ್ಟರ್‌ನ ಪುಟ ಇದ್ದರೆ ಅದನ್ನು ನೋಡಿ ಶಾಲೆ ಜನ್ಮದಿನಾಂಕದ ಪತ್ರ ಕೊಡಬಹುದು, ಎಕ್ಸ್‌ರೇವರೆಗೆ ಹೋಗಬೇಕಾಗುವುದಿಲ್ಲ.

ನಿಮ್ಮದು ಹೊಳೆದಂಡೆಯ ತಾಲ್ಲೂಕು. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಊರೊಳಗೆ ಬಂದದ್ದು ನಿಮಗೆ ಗೊತ್ತೇ ಇದೆ. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ರದ್ದಿಯ ಬದಲು ಈ ವಿಷಯ ಎತ್ತಿ: ರಿಜಿಸ್ಟರ್‌ಗಳು ಕೆಳಗಿನ ಅರೆಯಲ್ಲಿದ್ದರೆ ಮೇಲಕ್ಕೆ ಹೋಗಲಿ, ಗೆದ್ದಲು ಹತ್ತದ ಕಬ್ಬಿಣದ ಕಪಾಟು ಬರಲಿ, ಬೆನ್ನು ಬಿಚ್ಚಿದವಕ್ಕೆ ಬೈಂಡಿಂಗ್ ಆಗಲಿ. ಹೆಡ್‌ಮಾಸ್ತರರ ಎದುರಲ್ಲೇ ಪ್ರತಿ ಪುಟ ಸ್ಕ್ಯಾನ್ ಮಾಡಿಸಿ, ಒಂದು ಪ್ರತಿಯನ್ನು ಶಾಲೆಯಿಂದ ಹೊರಗೆ, ಬಿಇಒ ಕಚೇರಿಯಲ್ಲಿ ಇಡಲು ಕೇಳಿಕೊಳ್ಳಿ. ಮಕ್ಕಳ ವೈಯಕ್ತಿಕ ವಿವರ ಇರುವುದರಿಂದ ಯಾರ ಮೊಬೈಲ್‌ನಲ್ಲೂ ಅದರ ಫೋಟೊ ಉಳಿಯಬಾರದು.