ಹಲ್ಲಿನ ಅಳತೆ: ‘ಸರಿ’ ಅನ್ನುವ ಅಂಕಿ ಎಲ್ಲಿಂದ ಬಂತು?

ಹಲ್ಲಿಗೆ ಕ್ಲಿಪ್ ಹಾಕಿಸಲು ಹೋದರೆ ಮೊದಲು ನಡೆಯುವುದು ಅಳತೆ. ಬಾಯಿಯ ಅಚ್ಚು ತೆಗೆಯುತ್ತಾರೆ, ಇಲ್ಲವೇ ಸ್ಕ್ಯಾನ್ ಮಾಡುತ್ತಾರೆ. ಪಕ್ಕದಿಂದ ತಲೆಯ ಎಕ್ಸ್‌ರೇ ತೆಗೆಯುತ್ತಾರೆ. ಸಿಕ್ಕ ಕೋನ, ಮಿಲಿಮೀಟರುಗಳನ್ನು ‘ಸರಿಯಾದ’ ಅಂಕಿಗಳ ಪಕ್ಕ ಇಟ್ಟು ನೋಡುತ್ತಾರೆ. ಆ ಅಂಕಿಗಳು ಯಾರ ಬಾಯಿ ಅಳೆದಾಗ ಬಂದವು ಅಂತ ಕೇಳುವವರು ಕಡಿಮೆ. ಆದರೆ ಕೇಳಲೇಬೇಕು. ಗಟ್ಟಿಮುಟ್ಟಾದ ಹಲ್ಲನ್ನು ಕೀಳಬೇಕೋ ಬೇಡವೋ ಅನ್ನುವ ತೀರ್ಮಾನದಲ್ಲಿ ಅವುಗಳಿಗೂ ಪಾಲಿದೆ.

ಮೊದಮೊದಲು ಕಣ್ಣಳತೆಯೇ ಜಾಸ್ತಿ. 1899ರಲ್ಲಿ ಅಮೆರಿಕದ ಎಡ್ವರ್ಡ್ ಆ್ಯಂಗಲ್ ಹಲ್ಲುಗಳ ಕಚ್ಚುವಿಕೆಯನ್ನು ಮೂರು ವರ್ಗ ಮಾಡಿದರು. ಮೇಲಿನ ಮೊದಲ ದವಡೆ ಹಲ್ಲಿಗೆ ಕೆಳಗಿನದು ಎಲ್ಲಿ ಸೇರುತ್ತದೆ ಅಂತ ನೋಡಿದರೆ ವರ್ಗ ಗೊತ್ತಾಗುತ್ತಿತ್ತು. ಇಂದಿಗೂ ಅದೇ ವಿಂಗಡಣೆ ನಡೆಯುತ್ತಿದೆ. ಎಲ್ಲ ಹಲ್ಲನ್ನೂ ಉಳಿಸಿಕೊಂಡೇ ಸಾಲು ಸರಿಮಾಡಬೇಕು ಅನ್ನುವುದು ಆ್ಯಂಗಲ್ ಹಟ. ಅವರದೇ ಶಿಷ್ಯ ಚಾರ್ಲ್ಸ್ ಟ್ವೀಡ್ ಮುಂದೆ ಇದಕ್ಕೆ ತಿರುಗಿಬಿದ್ದರು. ಹಾಗೆ ಚಿಕಿತ್ಸೆ ಪಡೆದ ಎಷ್ಟೋ ಮಂದಿಯ ಹಲ್ಲು ಮುಂದಕ್ಕೆ ಚಾಚಿಕೊಂಡಿದ್ದನ್ನು ನೋಡಿ, ಹಲ್ಲು ಕಿತ್ತು ಮತ್ತೆ ಚಿಕಿತ್ಸೆ ಮಾಡಿದರು. ಕೆಳಗಿನ ಬಾಚಿಹಲ್ಲು ದವಡೆಯ ಅಡಿಗೆರೆಗೆ ಸುಮಾರು 90 ಡಿಗ್ರಿಯಲ್ಲಿ ನೆಟ್ಟಗಿರಬೇಕು ಅಂದರು. ಹೀಗೆ ಜಗಳದ ನಡುವೆ ಒಂದು ಕೋನ ಬಂದು ಕೂತಿತು.

ಕೋನ ಅಳೆಯಬೇಕಾದರೆ ಮೂಳೆ ಕಾಣಬೇಕಲ್ವಾ? ಮುಂಚೆ ಅದಕ್ಕೆ ಒಣ ತಲೆಬುರುಡೆಗಳೇ ಗತಿ. ಐದು ವರ್ಷದ ಮಗುವಿನದು ಒಂದು ಬುರುಡೆ, ಹತ್ತು ವರ್ಷದ್ದು ಇನ್ನೊಂದು. ಎರಡೂ ಬೇರೆ ಬೇರೆ ಮಕ್ಕಳದ್ದು. ಒಂದೇ ಮಗು ಹೇಗೆ ಬೆಳೆಯಿತು ಅಂತ ಅದರಿಂದ ತಿಳಿಯುವುದಿಲ್ಲ. 1931ರಲ್ಲಿ ಈ ಗಂಟು ಬಿಚ್ಚಿತು. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಹಾಲಿ ಬ್ರಾಡ್‌ಬೆಂಟ್, ಜರ್ಮನಿಯಲ್ಲಿ ಹೋಫ್ರಾತ್, ಇಬ್ಬರೂ ಅದೇ ವರ್ಷ ತಲೆಯನ್ನು ಅಲುಗಾಡದಂತೆ ಹಿಡಿದು ಎಕ್ಸ್‌ರೇ ತೆಗೆಯುವ ವಿಧಾನ ಪ್ರಕಟಿಸಿದರು. ಬ್ರಾಡ್‌ಬೆಂಟ್ ವಿಧಾನದಲ್ಲಿ ಕಿವಿಗಳಿಗೆ ಕಡ್ಡಿ ಕೊಟ್ಟು ತಲೆ ನಿಲ್ಲಿಸುತ್ತಿದ್ದರು. ಎಕ್ಸ್‌ರೇ ಕೊಳವೆ ಐದು ಅಡಿ ದೂರದಲ್ಲಿ. ಪ್ರತಿಸಲವೂ ಅದೇ ದೂರ, ಅದೇ ಭಂಗಿ. ಹಾಗಾಗಿ ಈ ವರ್ಷದ ಚಿತ್ರದ ಮೇಲೆ ಮುಂದಿನ ವರ್ಷದ್ದನ್ನು ಇಟ್ಟು ನೋಡಬಹುದಾಯಿತು.

ಆಮೇಲೆ ಅಂಕಿಗಳ ಸುಗ್ಗಿ. 1948ರಲ್ಲಿ ವಿಲಿಯಂ ಡೌನ್ಸ್ ತಮ್ಮ ಮಾನದಂಡ ಕೊಟ್ಟರು. ಅದಕ್ಕೆ ಆಧಾರ, ಕಚ್ಚುವಿಕೆ ಬಹಳ ಚೆನ್ನಾಗಿದ್ದ ಬರೀ 20 ಬಿಳಿಯ ಹುಡುಗ ಹುಡುಗಿಯರು. 1953ರಲ್ಲಿ ಸೆಸಿಲ್ ಸ್ಟೈನರ್ ಮೇಲ್ದವಡೆಗೆ 82 ಡಿಗ್ರಿ, ಕೆಳದವಡೆಗೆ 80 ಡಿಗ್ರಿ, ನಡುವೆ 2 ಡಿಗ್ರಿ ವ್ಯತ್ಯಾಸ ಅಂದರು. ನೆನಪಿಡಲು ಸುಲಭ, ಅದಕ್ಕೇ ಎಲ್ಲ ಕಡೆ ಹಬ್ಬಿತು. ಆದರೆ ಅದರಲ್ಲಿ ಒಂದು ತೊಡಕಿದೆ. ಈ ಕೋನಗಳು ಮೂಗಿನ ಬುಡದ ಒಂದು ಬಿಂದುವಿನಿಂದ ಹೊರಡುತ್ತವೆ. ಆ ಬಿಂದು ಒಬ್ಬರಲ್ಲಿ ಕೊಂಚ ಮುಂದೆ, ಇನ್ನೊಬ್ಬರಲ್ಲಿ ಕೊಂಚ ಹಿಂದೆ ಇರುತ್ತದೆ. ದವಡೆಗಳು ಇದ್ದಲ್ಲೇ ಇದ್ದರೂ ಕೋನ ಬದಲಾಗಿಬಿಡುತ್ತದೆ. ಅದಕ್ಕಾಗಿಯೇ 1975ರಲ್ಲಿ ದಕ್ಷಿಣ ಆಫ್ರಿಕಾದ ವಿಟ್ಸ್ ವಿಶ್ವವಿದ್ಯಾಲಯದ ಹೆಸರಿನ ಬೇರೊಂದು ಅಳತೆ ಬಂತು. ಅದು ಮೂಗಿನ ಬುಡವನ್ನು ಕೈಬಿಟ್ಟು, ಹಲ್ಲುಗಳು ಕಚ್ಚುವ ಗೆರೆಯ ಮೇಲೇ ಎರಡು ದವಡೆಗಳನ್ನು ಹೋಲಿಸುತ್ತದೆ.

20 ಮಕ್ಕಳ ಸರಾಸರಿ ಇಡೀ ಮನುಷ್ಯಕುಲಕ್ಕೆ ಅಳತೆಗೋಲಾಗಲು ಸಾಧ್ಯವೇ ಇಲ್ಲ. ಮುಖದ ರಚನೆ ಸಮುದಾಯದಿಂದ ಸಮುದಾಯಕ್ಕೆ ಬೇರೆ. ಬೇರೆ ಬೇರೆ ಜನರನ್ನು ಅಳೆದು ಅವರವರ ಸರಾಸರಿ ಕಂಡುಕೊಳ್ಳುವ ಕೆಲಸ ಆಮೇಲೆ ನಡೆಯಿತು, ಈಗಲೂ ನಡೆಯುತ್ತಿದೆ. ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ಮುಖ್ಯ ಕೆಲಸ ಇದೇ.

ಅಚ್ಚಿನ ಮಾದರಿಗಳ ಕಥೆಯೂ ಹೆಚ್ಚು ಬೇರೆಯಲ್ಲ. 1958ರಲ್ಲಿ ವೇಯ್ನ್ ಬೋಲ್ಟನ್ ಕಚ್ಚುವಿಕೆ ಚೆನ್ನಾಗಿದ್ದ 55 ಮಾದರಿಗಳನ್ನು ಅಳೆದರು. ಕೆಳಗಿನ 12 ಹಲ್ಲುಗಳ ಅಗಲ ಕೂಡಿದರೆ ಮೇಲಿನ 12ರ ಮೊತ್ತದ 91.3 ಶೇಕಡಾ ಬಂತು. ಮೇಲಿನದು 96 ಮಿಲಿಮೀಟರ್ ಇದ್ದರೆ ಕೆಳಗಿನದು ಸುಮಾರು 87.6 ಇರಬೇಕು ಅಂತಾಯಿತು. ಕೇಳಲು ಸಲೀಸು. ಕ್ಯಾಲಿಪರ್ ಹಿಡಿದು ಕೂತರೆ ಕಷ್ಟ ತಿಳಿಯುತ್ತದೆ. ಎರಡು ಹಲ್ಲು ಒಂದಕ್ಕೊಂದು ಒತ್ತಿಕೊಂಡಿರುವ ಕಡೆಯೇ ಕ್ಯಾಲಿಪರಿನ ತುದಿ ತೂರಬೇಕು. ಹಲ್ಲು ತಿರುಚಿಕೊಂಡಿದ್ದರೆ ಅತಿ ಅಗಲದ ಜಾಗ ಯಾವುದು ಅನ್ನುವುದೇ ಅನುಮಾನ. ಉಪಕರಣದ ಪರದೆ ಮಿಲಿಮೀಟರಿನ ನೂರನೇ ಒಂದು ಭಾಗ ತೋರಿಸಬಹುದು, ಕೈಗೆ ಅಷ್ಟು ನಿಖರತೆ ಇಲ್ಲ. ಪ್ರತಿ ಹಲ್ಲಿಗೆ 0.1 ಮಿಲಿಮೀಟರ್ ಹೆಚ್ಚಾಗಿ ಅಳೆದರೂ 12 ಹಲ್ಲಿಗೆ 1.2 ಮಿಲಿಮೀಟರ್ ತಪ್ಪು ಕೂಡಿಕೊಳ್ಳುತ್ತದೆ.

ಅದಕ್ಕೇ ಒಳ್ಳೆಯ ಸಂಶೋಧಕರು ಸ್ವಲ್ಪ ದಿನ ಬಿಟ್ಟು, ಹಳೆಯ ಅಂಕಿ ನೋಡದೆ ಮತ್ತೆ ಅಳೆಯುತ್ತಾರೆ. ಎರಡರ ವ್ಯತ್ಯಾಸದಿಂದ ತಪ್ಪು ಎಷ್ಟೆಂದು ಲೆಕ್ಕ ಹಾಕಲು ಡಾಲ್‌ಬರ್ಗ್ 1940ರಲ್ಲಿ ಕೊಟ್ಟ ಸೂತ್ರ ಇನ್ನೂ ಬಳಕೆಯಲ್ಲಿದೆ. ಈ ಲೆಕ್ಕ ಇಲ್ಲದ ಪ್ರಬಂಧ ‘ಅರ್ಧ ಮಿಲಿಮೀಟರ್ ಬದಲಾಯಿತು’ ಅಂದರೆ ಸುಮ್ನೆ ನಂಬಬಾರದು. ಬದಲಾಗಿದ್ದು ಹಲ್ಲೋ, ಅಳೆದವರ ಕೈಯೋ?

ಎಕ್ಸ್‌ರೇಯ ವಿಚಾರದಲ್ಲಿ ಇನ್ನೊಂದು ನೈತಿಕ ಪ್ರಶ್ನೆ ಇದೆ. ಕಳೆದ ಶತಮಾನದ ಬೆಳವಣಿಗೆ ಅಧ್ಯಯನಗಳಲ್ಲಿ ಆರೋಗ್ಯವಂತ ಮಕ್ಕಳಿಗೆ ವರ್ಷವರ್ಷ ಎಕ್ಸ್‌ರೇ ತೆಗೆದರು. ಡೆನ್ಮಾರ್ಕಿನ ಆರ್ನೆ ಬ್ಯೋರ್ಕ್ ದವಡೆಯೊಳಗೆ ಸಣ್ಣ ಲೋಹದ ಪಿನ್ನು ಇಟ್ಟು, ಬೆಳೆಯುವಾಗ ದವಡೆ ತಿರುಗುತ್ತದೆ ಅಂತ ತೋರಿಸಿದರು. ಅಲುಗಾಡದ ಗುರುತು ಮೂಳೆಯೊಳಗೇ ಇದ್ದರಿಂದ ಅದು ಸಾಧ್ಯವಾಯಿತು. ಚಿಕಿತ್ಸೆಯ ಅಗತ್ಯವಿಲ್ಲದ ಮಗುವಿಗೆ ಬರೀ ಸಂಶೋಧನೆಗಾಗಿ ಹಾಗೆ ವಿಕಿರಣ ಕೊಡುವುದನ್ನು ಇಂದು ಒಪ್ಪುವುದಿಲ್ಲ. ಹಾಗಾಗಿ ಹಳೆಯ ಫಿಲ್ಮುಗಳನ್ನೇ ಡಿಜಿಟಲ್ ಮಾಡಿ ಮತ್ತೆ ಮತ್ತೆ ಅಳೆಯುತ್ತಿದ್ದಾರೆ.

ಈಗ ಪ್ಲಾಸ್ಟರಿನ ಜಾಗಕ್ಕೆ ಬಾಯೊಳಗಿನ ಸ್ಕ್ಯಾನರ್ ಬಂದಿದೆ. ಎಕ್ಸ್‌ರೇ ಮೇಲೆ ಬಿಂದು ಗುರುತಿಸಲು ಸಾಫ್ಟ್‌ವೇರ್ ಇದೆ. ಅದೇ ಚಿತ್ರ ಕೊಟ್ಟರೆ ಅದು ಸಾಮಾನ್ಯವಾಗಿ ಅದೇ ಅಂಕಿ ಕೊಡುತ್ತದೆ. ಆಗ ಡಾಲ್‌ಬರ್ಗ್ ಸೂತ್ರದಲ್ಲಿ ತಪ್ಪು ಸೊನ್ನೆ. ಆದರೆ ಬಿಂದುವನ್ನು ಪ್ರತಿಸಲವೂ ಅದೇ ತಪ್ಪು ಜಾಗದಲ್ಲಿ ಇಟ್ಟರೂ ಸೊನ್ನೆಯೇ ಬರುತ್ತದೆ. ಹಾಗಾಗಿ ಸಾಫ್ಟ್‌ವೇರಿನ ಗುರುತನ್ನು ಹಲವು ತಜ್ಞರು ಕೈಯಲ್ಲಿ ಗುರುತಿಸಿದ್ದರ ಸರಾಸರಿಗೆ ಹೋಲಿಸಿ ನೋಡುತ್ತಾರೆ. ಅದಕ್ಕೆ ಬಳಸುವ ಚಿತ್ರಗಳಲ್ಲಿ ಯಾವ ಯಾವ ಜನರ ಮುಖಗಳಿವೆ ಅನ್ನುವುದನ್ನೂ ಪ್ರಬಂಧದಲ್ಲಿ ಹೇಳಬೇಕು.