ನರಮಂಡಲದ ನಿಯಂತ್ರಣ ಎಂದರೇನು?

ಉದ್ವೇಗಕ್ಕೆ ಒಳಗಾದ ದೇಹ ಅಪಾಯ ಕಳೆದ ಮೇಲೆ ಸಹಜ ಸ್ಥಿತಿಗೆ ಮರಳುವುದನ್ನೂ ಆ ಮರಳುವಿಕೆಗೆ ನಾವು ತಿಳಿದು ನೆರವಾಗುವುದನ್ನೂ ನರಮಂಡಲದ ನಿಯಂತ್ರಣ ಎನ್ನುತ್ತಾರೆ. ಸಿಟ್ಟು, ಅಳುಗಳನ್ನು ನುಂಗಿಕೊಂಡು ಸದಾ ಶಾಂತವಾಗಿರಬೇಕು ಎಂದು ಇದನ್ನು ಅರ್ಥಮಾಡಿಕೊಳ್ಳುವವರು ಬಹಳ. ಆ ತಿಳಿವಳಿಕೆ ಹಾನಿಕರ. ಸಂದರ್ಶನಕ್ಕೆ ಕರೆ ಬರುವುದನ್ನು ಕಾಯುತ್ತ ಕುಳಿತಾಗ ಎದೆ ಡವಗುಟ್ಟುವುದು, ಬಾಯಿ ಒಣಗುವುದು, ಅಂಗೈ ಬೆವರುವುದು ಆರೋಗ್ಯವಂತ ದೇಹದ ಲಕ್ಷಣಗಳೇ. ಸಂದರ್ಶನ ಮುಗಿದು ದಿನಗಳು ಕಳೆದರೂ ಆ ಬಿಗಿತ ಸಡಿಲವಾಗದೆ ನಿದ್ದೆ ಕೆಡುತ್ತಿದ್ದರೆ ಯೋಚಿಸಬೇಕು.

ಹೃದಯ, ಉಸಿರು, ಜೀರ್ಣಕ್ರಿಯೆಗಳನ್ನು ನಮ್ಮ ಅಪ್ಪಣೆಗೆ ಕಾಯದೆ ನಡೆಸುವ ಸ್ವಾಯತ್ತ ನರಮಂಡಲದ ಸಿಂಪಥೆಟಿಕ್ ವಿಭಾಗವು ದೇಹವನ್ನು ಹೋರಾಟಕ್ಕೋ ಪಲಾಯನಕ್ಕೋ ಸಜ್ಜುಗೊಳಿಸುತ್ತದೆ. ಪ್ಯಾರಾಸಿಂಪಥೆಟಿಕ್ ವಿಭಾಗವು ವಿಶ್ರಾಂತಿ, ಜೀರ್ಣಕ್ರಿಯೆಗಳ ಕಡೆಗೆ ಒಯ್ಯುತ್ತದೆ. ಈ ಎರಡನೆಯದರ ಪ್ರಮುಖ ವಾಹಕ, ಮಿದುಳಕಾಂಡದಿಂದ ಹೊರಟು ಎದೆಯನ್ನು ಹಾದು ಹೊಟ್ಟೆಯವರೆಗೆ ಇಳಿಯುವ ವೇಗಸ್ ನರ. ಆಸ್ಟ್ರಿಯಾದಲ್ಲಿ ಕೆಲಸ ಮಾಡುತ್ತಿದ್ದ ವಿಜ್ಞಾನಿ ಆಟೋ ಲೋವಿ ಕಪ್ಪೆಯ ಹೃದಯವೊಂದರ ವೇಗಸ್ ನರವನ್ನು ಪ್ರಚೋದಿಸಿ ಅದರ ಬಡಿತ ನಿಧಾನಿಸುವಂತೆ ಮಾಡಿದರು. ಬಳಿಕ ಆ ಹೃದಯವಿದ್ದ ದ್ರಾವಣವನ್ನು ಮತ್ತೊಂದು ಹೃದಯಕ್ಕೆ ಸೋಕಿಸಿದಾಗ ಅದೂ ನಿಧಾನವಾಯಿತು. ನರ ತನ್ನ ಸಂದೇಶವನ್ನು ರಾಸಾಯನಿಕವಾಗಿ ತಲುಪಿಸುತ್ತದೆ ಎಂದು ತೋರಿಸಿದ ಈ ಪ್ರಯೋಗ 1921ರಲ್ಲಿ ಪ್ರಕಟವಾಯಿತು, 1936ರ ನೊಬೆಲ್ ಪ್ರಶಸ್ತಿ ಲೋವಿಯವರಿಗೂ ಹೆನ್ರಿ ಡೇಲ್ ಅವರಿಗೂ ಸಂದಿತು. ಆ ರಾಸಾಯನಿಕವೇ ಅಸಿಟೈಲ್‌ಕೋಲಿನ್. ಮನುಷ್ಯನ ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ವಿಶ್ರಾಂತಿಯಲ್ಲಿ ಅದನ್ನು 70ರ ಆಸುಪಾಸಿನಲ್ಲಿ ಹಿಡಿದಿಡುವುದು ಮುಖ್ಯವಾಗಿ ವೇಗಸ್ಸಿನ ಈ ಬ್ರೇಕು.

ಈ ಬ್ರೇಕಿನ ಕೆಲಸವನ್ನು ನಾವೇ ಗಮನಿಸಬಹುದು. ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು ನಿಧಾನವಾಗಿ ಉಸಿರಾಡಿದರೆ, ಒಳಗೆಳೆದುಕೊಳ್ಳುವಾಗ ಬಡಿತ ತುಸು ಚುರುಕಾಗುವುದೂ ಹೊರಬಿಡುವಾಗ ನಿಧಾನಿಸುವುದೂ, ವಿಶೇಷವಾಗಿ ಎಳೆಯ ವಯಸ್ಸಿನವರಲ್ಲಿ, ಬೆರಳಿಗೇ ತಿಳಿಯುತ್ತದೆ. ಸ್ವಾಯತ್ತ ಕ್ರಿಯೆಗಳ ನಡುವೆ ಉಸಿರಾಟ ತಾನಾಗಿಯೂ ನಡೆಯುತ್ತದೆ, ನಮ್ಮ ಇಚ್ಛೆಗೂ ಬಗ್ಗುತ್ತದೆ. ನನ್ನ ದೃಷ್ಟಿಯಲ್ಲಿ ಈ ವಿಷಯದಲ್ಲಿ ಅತ್ಯಂತ ಉಪಯುಕ್ತವಾದ ಸಂಗತಿ ಇದೇ. ಹೀಗೆ ಉಸಿರಾಡಿ ನೋಡಬಹುದು: 4 ಸೆಕೆಂಡು ಒಳಕ್ಕೆ, 6 ಸೆಕೆಂಡು ಹೊರಕ್ಕೆ, ಅಂದರೆ ನಿಮಿಷಕ್ಕೆ 6 ಉಸಿರು, ಮೂಗಿನಿಂದ, ಬಲವಂತವಿಲ್ಲದೆ. ಭ್ರಾಮರಿ ಪ್ರಾಣಾಯಾಮದಲ್ಲಿ ಝೇಂಕರಿಸುವಾಗಲೂ ನಿಶ್ವಾಸ ತಾನಾಗಿಯೇ ದೀರ್ಘವಾಗುತ್ತದೆ. ಗಾಬರಿಯಲ್ಲಿದ್ದವರಿಗೆ “ಜೋರಾಗಿ ಉಸಿರೆಳೆದುಕೊ” ಎನ್ನುವುದು ಮಾತ್ರ ಸರಿಯಲ್ಲ, ಏಕೆಂದರೆ ಆಳವಾಗಿಯೂ ಬೇಗಬೇಗನೆಯೂ ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆಸುತ್ತು, ಬೆರಳುಗಳಲ್ಲಿ ಜುಮುಜುಮು ಶುರುವಾಗುತ್ತದೆ, ಗಾಬರಿ ಇನ್ನೂ ಏರುತ್ತದೆ.

ಸಮಯವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒತ್ತಡದಲ್ಲಿ ದೇಹ ಸ್ರವಿಸುವ ಹಾರ್ಮೋನುಗಳಲ್ಲಿ ಅಡ್ರಿನಲಿನ್ ಕೆಲವೇ ಕ್ಷಣಗಳಲ್ಲಿ ಕೆಲಸಕ್ಕಿಳಿದರೆ ಕಾರ್ಟಿಸೋಲ್ ನಿಧಾನವಾಗಿ ಏರಿ, ಇಳಿಯಲು ಒಂದು ಗಂಟೆಗೂ ಹೆಚ್ಚು ತೆಗೆದುಕೊಳ್ಳಬಹುದು. ಆದ್ದರಿಂದ ಜಗಳ ಮುಗಿದ ಕೂಡಲೇ ಸಮಾಧಾನವಾಗಲಿಲ್ಲವೆಂದು ತನ್ನನ್ನಾಗಲಿ ಎದುರಿನವರನ್ನಾಗಲಿ ದೂರುವುದು ನ್ಯಾಯವಲ್ಲ. ಸಾಲ, ಹಿಂಸೆ, ಅತಿಯಾದ ದುಡಿಮೆಗಳಿಂದ ಹುಟ್ಟಿದ ಒತ್ತಡವನ್ನು ಉಸಿರಾಟವೊಂದೇ ನೀಗಿಸಲಾರದು. ಆತಂಕವೋ ನಿದ್ರಾಹೀನತೆಯೋ ವಾರಗಟ್ಟಲೆ ಮುಂದುವರಿದರೆ ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೂ ಉಚಿತವಾಗಿ ಮಾತನಾಡಬಹುದು.